ಕೇಳದೆ ಹೇರಿದ ಸುಂಕ

ಚಹಾ ಅಗ್ಗವಾಗಿತ್ತು. ಅಮೆರಿಕದ ದಂಗೆಯ ಕಥೆ ಹೇಳುವವರು ಈ ಮಾತನ್ನು ಬಿಟ್ಟೇ ಬಿಡುತ್ತಾರೆ. ಬ್ರಿಟಿಷ್ ಪಾರ್ಲಿಮೆಂಟು 1773ರಲ್ಲಿ ತಂದ ಚಹಾ ಕಾಯ್ದೆಯಿಂದ ಈಸ್ಟ್ ಇಂಡಿಯಾ ಕಂಪನಿಯ ಚಹಾ ವಸಾಹತುಗಳಲ್ಲಿ ಮೊದಲಿಗಿಂತ ಕಡಿಮೆ ಬೆಲೆಗೆ ಸಿಗುವಂತಾಗಿತ್ತು. ಆದರೂ ಆ ಡಿಸೆಂಬರ್ 16ರ ರಾತ್ರಿ ಬಾಸ್ಟನ್ನಿನ ಜನ 342 ಪೆಟ್ಟಿಗೆ ಚಹಾವನ್ನು ಬಂದರಿನ ನೀರಿಗೆ ಸುರಿದರು. ಅದರ ಮೇಲಿದ್ದ ಸುಂಕ ಪೌಂಡಿಗೆ ಮೂರು ಪೆನ್ನಿ. ಆ ಸುಂಕ ವಿಧಿಸಿದ ಸಭೆಯಲ್ಲಿ ಅವರ ಪರವಾಗಿ ಕೂತವರು ಒಬ್ಬರೂ ಇರಲಿಲ್ಲ.

ಸಿಟ್ಟು ಹಳೆಯದು. ಏಳು ವರ್ಷಗಳ ಯುದ್ಧ ಗೆದ್ದು ಸಾಲದಲ್ಲಿ ಮುಳುಗಿದ ಬ್ರಿಟನ್, 1765ರ ಸ್ಟಾಂಪ್ ಕಾಯ್ದೆಯಿಂದ ಪತ್ರಿಕೆ, ಕೋರ್ಟಿನ ಕಾಗದ, ಪಂಚಾಂಗ, ಇಸ್ಪೀಟು ಎಲೆಗಳಿಗೂ ತೆರಿಗೆಯ ಮುದ್ರೆ ಒತ್ತಿಸಿತು. ಒಂಬತ್ತು ವಸಾಹತುಗಳ ಪ್ರತಿನಿಧಿಗಳು ನ್ಯೂಯಾರ್ಕಿನಲ್ಲಿ ಸೇರಿ ವಿನಯದಿಂದಲೇ ಮನವಿ ಬರೆದರು. ವರ್ತಕರು ಬ್ರಿಟಿಷ್ ಸರಕು ತರಿಸುವುದನ್ನು ನಿಲ್ಲಿಸಿದರು. ಮರುವರ್ಷ ಕಾಯ್ದೆ ರದ್ದಾಯಿತು. ಆದರೆ ಅದರ ಜೊತೆಗೇ, ಯಾವ ವಿಷಯದಲ್ಲಾದರೂ ವಸಾಹತುಗಳಿಗೆ ಶಾಸನ ಮಾಡುವ ಅಧಿಕಾರ ತನಗಿದೆ ಎಂದು ಪಾರ್ಲಿಮೆಂಟು ಘೋಷಿಸಿಕೊಂಡಿತು. 1767ರಲ್ಲಿ ಗಾಜು, ಸೀಸ, ಬಣ್ಣ, ಕಾಗದ, ಚಹಾಕ್ಕೆ ಸುಂಕ ಬಂತು. 1770ರಲ್ಲಿ ಮಿಕ್ಕೆಲ್ಲವನ್ನೂ ತೆಗೆದು ಚಹಾದ ಸುಂಕವನ್ನಷ್ಟೇ ಉಳಿಸಿಕೊಂಡರು. ಆದಾಯದ ಆಸೆಗಿಂತ ಅಧಿಕಾರ ತೋರಿಸುವ ಹಟವೇ ಅಲ್ಲಿ ದೊಡ್ಡದಾಗಿತ್ತು. ಆ ಹಟಕ್ಕೆ ಬ್ರಿಟನ್ ಹದಿಮೂರು ವಸಾಹತುಗಳನ್ನು ತೆತ್ತಿತು.

ಈ ಕಥೆಯಲ್ಲಿ ನಮ್ಮ ನೆಲದ ನೋವೂ ಬೆರೆತಿದೆ. ಸ್ಟಾಂಪ್ ಕಾಯ್ದೆಯ ವರ್ಷವೇ ಕಂಪನಿಗೆ ಬಂಗಾಳದ ದಿವಾನಿ, ಅಂದರೆ ಕಂದಾಯ ವಸೂಲಿಯ ಹಕ್ಕು, ಸಿಕ್ಕಿತು. 1770ರ ಘೋರ ಕ್ಷಾಮದಲ್ಲೂ ಅದು ಕಂದಾಯ ವಸೂಲಿ ಬಿಡಲಿಲ್ಲ. 1769ರಲ್ಲಿ ಹೈದರಾಲಿಯ ದಾಳಿಯ ಸುದ್ದಿ ತಲುಪಿದಾಗ ಲಂಡನ್ನಿನಲ್ಲಿ ಅದರ ಷೇರು ಕುಸಿಯಿತು. ಹೀಗೆ ಕಂಗೆಟ್ಟ ಕಂಪನಿಯ ಗೋದಾಮಿನಲ್ಲಿ ರಾಶಿಬಿದ್ದ ಚಹಾವನ್ನು ಮಾರಿಸಲೆಂದೇ 1773ರ ಕಾಯ್ದೆ ಬಂದದ್ದು. ಮುಂದೆ 1782ರಲ್ಲಿ ಪೆನ್ಸಿಲ್ವೇನಿಯಾದವರು ತಮ್ಮ ಯುದ್ಧನೌಕೆಯೊಂದಕ್ಕೆ ಹೈದರಾಲಿಯ ಹೆಸರನ್ನೇ ಇಟ್ಟಿದ್ದರು.

ಒಪ್ಪಿಗೆಯಿಲ್ಲದೆ ತೆರಿಗೆ ಹೇರಿದ್ದು 1776ರ ಸ್ವಾತಂತ್ರ್ಯ ಘೋಷಣೆ ದೊರೆಯ ಮೇಲೆ ಹೊರಿಸಿದ ಆಪಾದನೆಗಳಲ್ಲೊಂದು. ಸಂವಿಧಾನ ಬರೆದವರು ಅದನ್ನು ಮರೆಯಲಿಲ್ಲ. ತೆರಿಗೆ, ಸುಂಕ ವಿಧಿಸುವ ಅಧಿಕಾರವನ್ನು ಮೊದಲ ವಿಧಿಯಲ್ಲೇ ಕಾಂಗ್ರೆಸ್ಸಿನ, ಅಂದರೆ ಅಲ್ಲಿನ ಸಂಸತ್ತಿನ, ಕೈಗೆ ಕೊಟ್ಟರು. ಅಂಥ ದೇಶದಲ್ಲಿ 2025ರ ಏಪ್ರಿಲ್ 2ರಂದು ಅಧ್ಯಕ್ಷ ಡೊನಾಲ್ಡ್ ಟ್ರಂಪ್ 1977ರ ತುರ್ತು ಅಧಿಕಾರದ ಕಾಯ್ದೆಯೊಂದನ್ನು ಮುಂದಿಟ್ಟು, ಜಗತ್ತಿನ ಬಹುತೇಕ ದೇಶಗಳ ಸರಕಿಗೆ ಒಂದೇ ಸಹಿಯಿಂದ ಸುಂಕ ಹಾಕಿದರು. ಆಗಸ್ಟಿನಲ್ಲಿ ಭಾರತದ ಮೇಲಿನ ಸುಂಕ ಶೇ 50ಕ್ಕೇರಿತು. ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಲಿದ ಅಂಗಿಗೂ ಅದು ತಟ್ಟಿತು. ಆದರೆ ಈ ಸುಂಕ ಕಟ್ಟಿದವರು ಅಮೆರಿಕದ ಆಮದುದಾರರು. ಅದರ ಹೊರೆ ಅಲ್ಲಿನ ಗಿರಾಕಿಗಳ ಮೇಲೂ ಬಿತ್ತು. ಇದು ಆ ಜನರ ಮೇಲೆ ಹಾಕಿದ ತೆರಿಗೆಯೇ.

ಅಧ್ಯಕ್ಷರ ಸಹಿಗಿಂತ ಪ್ರತಿನಿಧಿಗಳ ಮೌನ ನಮ್ಮನ್ನು ಹೆಚ್ಚು ದಿಗಿಲುಗೊಳಿಸುತ್ತದೆ. ಇಂಥ ಸುಂಕಕ್ಕೆ ಆಧಾರವಾದ ತುರ್ತು ಸ್ಥಿತಿಯನ್ನು ಕೊನೆಗೊಳಿಸುವ ನಿರ್ಣಯ ಬಂದರೆ ಗೊತ್ತಾದ ದಿನಗಳೊಳಗೆ ಅದನ್ನು ಸದನ ಕೈಗೆತ್ತಿಕೊಳ್ಳಬೇಕೆಂದು ಕಾನೂನೇ ಹೇಳುತ್ತದೆ. 2025ರ ಮಾರ್ಚಿನಲ್ಲಿ ಕೆಳಮನೆ, ಕೆನಡಾ ಮತ್ತು ಮೆಕ್ಸಿಕೊ ಮೇಲಿನ ಸುಂಕದ ವಿಷಯದಲ್ಲಿ ಅಧಿವೇಶನದ ಉಳಿದ ದಿನಗಳನ್ನು ದಿನಗಳೆಂದೇ ಎಣಿಸಬಾರದೆಂದು ನಿಯಮ ಮಾಡಿಕೊಂಡಿತು. ಅಕ್ಟೋಬರಿನಲ್ಲಿ ಸೆನೆಟ್ ಸುಂಕದ ವಿರುದ್ಧ ಮತ ಹಾಕಿದರೂ ಆ ವರ್ಷ ಕೆಳಮನೆ ಅದನ್ನು ಮುಟ್ಟಲಿಲ್ಲ. ಸಣ್ಣ ವ್ಯಾಪಾರಿಗಳು ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. 1977ರ ಕಾಯ್ದೆ ಇಂಥ ಸುಂಕಕ್ಕೆ ಅಧಿಕಾರ ಕೊಡುವುದಿಲ್ಲ ಎಂದು ವ್ಯಾಪಾರ ನ್ಯಾಯಾಲಯ ಮೇ ತಿಂಗಳಲ್ಲೂ ಮೇಲ್ಮನವಿ ನ್ಯಾಯಾಲಯ ಆಗಸ್ಟಿನಲ್ಲೂ ಹೇಳಿದವು. ಆ ಮಾತನ್ನು ಮೊದಲು ಆಡಬೇಕಾಗಿದ್ದವರು ಜನಪ್ರತಿನಿಧಿಗಳು. 1765ರ ವಸಾಹತಿಗರಿಗೆ ಪಾರ್ಲಿಮೆಂಟಿನಲ್ಲಿ ಒಂದು ಸ್ಥಾನವೂ ಇರಲಿಲ್ಲ. ಇಂದಿನ ಅಮೆರಿಕನ್ನರಿಗೆ ಕೆಳಮನೆಯಲ್ಲೇ 435 ಸ್ಥಾನಗಳಿವೆ. ಸ್ಥಾನವಿದ್ದೂ ಬಾಯಿಬಿಡದ ಸದನ ತನ್ನನ್ನು ಕಳಿಸಿದ ಜನರಿಗೆ ದ್ರೋಹ ಬಗೆಯುತ್ತದೆ.

2026ರ ನವೆಂಬರಿನಲ್ಲಿ ಆ ಅಷ್ಟೂ ಸ್ಥಾನಗಳಿಗೆ ಚುನಾವಣೆ. ಅಲ್ಲಿ ಮತದ ಹಕ್ಕು ಪಡೆದಿರುವ ಕನ್ನಡಿಗರು, ಪಕ್ಷ ಯಾವುದೇ ಇರಲಿ, ಮತ ಕೇಳಲು ಬಂದವರನ್ನು ನೇರವಾಗಿ ಪ್ರಶ್ನಿಸಬೇಕು: ಸುಂಕ ಹಾಕುವ ಅಧಿಕಾರವನ್ನು ಸದನಕ್ಕೆ ಮರಳಿ ತರುವಿರಾ? ನೇರ ಉತ್ತರ ಕೊಡದವರಿಗೆ ಮತ ಕೊಡಬೇಡಿ.