ಮದ್ದಿನ ಚೀಟಿಯಲ್ಲಿ ಯಾರ ಹೆಸರು?

ಬಿ.ಪಿ., ಸಕ್ಕರೆ ಕಾಯಿಲೆಗೆ ದಿನವೂ ಮಾತ್ರೆ ತೆಗೆದುಕೊಳ್ಳುವವರು ಇಲ್ಲದ ಮನೆ ನಮ್ಮ ಧರ್ಮಕೇಂದ್ರಗಳಲ್ಲಿ ಇಂದು ಅಪರೂಪ. ಒಂದು ಆಪರೇಶನ್ನಿಗೆ ಹಣ ಬೇಕೆಂದರೆ ಊರವರು, ಪರವೂರಿನಲ್ಲಿ ದುಡಿಯುವವರು ಕೈಜೋಡಿಸುತ್ತಾರೆ. ಆದರೆ ತಿಂಗಳು ತಿಂಗಳು ಬರುವ ಮೆಡಿಕಲ್ ಬಿಲ್ಲಿಗೆ ಯಾರನ್ನು ಕೇಳುವುದು? ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುವ ವೃದ್ಧರು ನಮ್ಮ ನಡುವೆಯೇ ಇದ್ದಾರೆ.

ಬಿಲ್ಲಿನ ಮೊತ್ತ ನಿರ್ಧಾರವಾಗುವುದು ಅಂಗಡಿಯಲ್ಲಲ್ಲ, ಡಾಕ್ಟರರ ಚೀಟಿಯಲ್ಲಿ. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಹತ್ತಾರು ಕಂಪೆನಿಗಳ ಹೆಸರಿನಲ್ಲಿ ಸಿಗುತ್ತದೆ. ಚೀಟಿಯಲ್ಲಿ ಕಂಪೆನಿಯ ಹೆಸರಿದ್ದರೆ ಅದನ್ನೇ ಕೊಡಬೇಕು. ಬೇರೆ ಕಂಪೆನಿಯ ಅದೇ ಮದ್ದನ್ನು ಬದಲಿಗೆ ಕೊಡಲು ಕಾನೂನು ಔಷಧ ಅಂಗಡಿಯವರಿಗೆ ಅವಕಾಶ ನೀಡಿಲ್ಲ. 2008ರಲ್ಲಿ ಆರಂಭವಾದ ಜನೌಷಧಿ ಕೇಂದ್ರಗಳು 2023ರಲ್ಲೇ ಹತ್ತು ಸಾವಿರ ದಾಟಿದವು. ಆದರೆ ಚೀಟಿ ಬದಲಾಗದಿದ್ದರೆ ಅಂಗಡಿ ಹೆಚ್ಚಿ ಫಲವೇನು?

ಮದ್ದಿನ ಮೂಲ ಹೆಸರು, ಅಂದರೆ ಜೆನೆರಿಕ್ ಹೆಸರು ಬರೆಯಿರಿ ಎಂದು ವೈದ್ಯಕೀಯ ಮಂಡಳಿ 2002ರಲ್ಲೇ ಹೇಳಿತ್ತು. 2023ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಇದನ್ನು ಬಿಗಿಗೊಳಿಸಿ ಹೊಸ ನಿಯಮ ತಂದಿತು. ವೈದ್ಯರ ಸಂಘಟನೆಗಳು ವಿರೋಧಿಸಿದವು. ಅದೇ ತಿಂಗಳು ನಿಯಮವನ್ನು ತಡೆಹಿಡಿಯಲಾಯಿತು.

ವೈದ್ಯರ ವಾದವನ್ನು ತಳ್ಳಿಹಾಕುವಂತಿಲ್ಲ. ಅಗ್ಗದ ಮಾತ್ರೆಯ ಗುಣಮಟ್ಟಕ್ಕೆ ಯಾರು ಹೊಣೆ ಎಂದು ಅವರು ಕೇಳುತ್ತಾರೆ. ಮೂಲ ಹೆಸರು ಬರೆದರೆ ಆಯ್ಕೆ ಅಂಗಡಿಯವರ ಕೈ ಸೇರುತ್ತದೆ, ಅವರು ತಮಗೆ ಲಾಭ ಹೆಚ್ಚಿರುವುದನ್ನೇ ಕೊಟ್ಟಾರು ಎಂಬ ಆತಂಕವೂ ನ್ಯಾಯವಾದದ್ದೇ. ಆದರೆ ಕ್ಲಿನಿಕ್ಕಿನ ಹೊರಗೆ ಚರ್ಮದ ಬ್ಯಾಗು ಹಿಡಿದು ಕಾಯುವ ಮೆಡಿಕಲ್ ರೆಪ್‌ಗಳನ್ನು ನಾವೂ ಕಂಡಿದ್ದೇವೆ. ವೈದ್ಯರಿಗೆ ಕೊಟ್ಟ ಉಡುಗೊರೆಯ ವೆಚ್ಚಕ್ಕೆ ಕಂಪೆನಿಗಳು ತೆರಿಗೆ ವಿನಾಯಿತಿ ಪಡೆಯುವಂತಿಲ್ಲ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. 2024ರ ಮಾರ್ಚ್‌ನಲ್ಲಿ ಕೇಂದ್ರ ಸರಕಾರ ಉಡುಗೊರೆ ನಿಷೇಧಿಸುವ ಸಂಹಿತೆ ಹೊರಡಿಸಿತಾದರೂ ದೂರು ವಿಚಾರಿಸುವುದು ಕಂಪೆನಿಗಳ ಸಂಘಗಳದ್ದೇ ಸಮಿತಿ. ತಪ್ಪಿತಸ್ಥನ ಜಗಲಿಯಲ್ಲೇ ಪಂಚಾಯಿತಿ ನಡೆಸಿದ ಹಾಗಾಯಿತು!

ಇನ್ನೊಂದು ಸಂಗತಿ ಹೆಚ್ಚಿನವರ ಗಮನಕ್ಕೆ ಬಂದಿಲ್ಲ. 2013ರ ಬೆಲೆ ನಿಯಂತ್ರಣ ಆದೇಶದಂತೆ ಅಗತ್ಯ ಔಷಧಗಳ ಪಟ್ಟಿಯಲ್ಲಿರುವ ಮದ್ದಿಗೆ ಗರಿಷ್ಠ ಬೆಲೆಯ ಮಿತಿಯಿದೆ. ಆದರೆ ಅದೇ ಮದ್ದಿಗೆ ಇನ್ನೊಂದನ್ನು ಬೆರೆಸಿ ಒಂದೇ ಮಾತ್ರೆ ಮಾಡಿದರೆ, ಆ ಮಿಶ್ರಣ ಪಟ್ಟಿಯಲ್ಲಿ ಇಲ್ಲದಿದ್ದಲ್ಲಿ, ಈ ಮಿತಿ ಅನ್ವಯಿಸದು. ಪಟ್ಟಿಯ ಹೊರಗಿನ ಮದ್ದಿನ ಬೆಲೆಯನ್ನು ವರ್ಷಕ್ಕೆ ಶೇ. 10ರವರೆಗೆ ಏರಿಸಬಹುದು. ಮಿಶ್ರಣಗಳೆಲ್ಲ ಕೆಟ್ಟವಲ್ಲ, ರೋಗಿಗೆ ಅದು ಬೇಕೇ ಎಂಬುದಷ್ಟೇ ಪ್ರಶ್ನೆ.

ಸರಕಾರವನ್ನು ದೂರುವಾಗ ನಮ್ಮ ಅಂಗಳವನ್ನೂ ನೋಡಿಕೊಳ್ಳಬೇಕು. 1880ರಲ್ಲಿ ಫಾದರ್ ಅಗಸ್ಟಸ್ ಮುಲ್ಲರ್ ಮಂಗಳೂರಿನಲ್ಲಿ ಮದ್ದು ಕೊಡಲು ತೊಡಗಿದ್ದು ಬಡವರಿಗಾಗಿ. ಇಂದು ಧರ್ಮಸಭೆಯ ಆಸ್ಪತ್ರೆ, ಡಿಸ್ಪೆನ್ಸರಿಗಳು ಕರಾವಳಿಯುದ್ದಕ್ಕೂ ಇವೆ. ಅಲ್ಲಿ ಮೂಲ ಹೆಸರು ಬರೆಯಲು ದೆಹಲಿಯ ಆದೇಶಕ್ಕೆ ಕಾಯಬೇಕಿಲ್ಲ. ಗುಣಮಟ್ಟ ಪರೀಕ್ಷಿಸಿದ ಅಗ್ಗದ ಮದ್ದನ್ನು ಒಟ್ಟಾಗಿ ಖರೀದಿಸಿ ಹಂಚಿಕೊಳ್ಳಲೂ ಅಡ್ಡಿಯಿಲ್ಲ.

ಓದುಗರಲ್ಲಿ ಒಂದು ವಿನಂತಿ. ಯಾರೂ ತಾವಾಗಿ ಮದ್ದು ನಿಲ್ಲಿಸಬೇಡಿ, ಬದಲಿಸಬೇಡಿ. "ಡಾಕ್ಟ್ರೇ, ಇದರ ಮೂಲ ಹೆಸರನ್ನೂ ಬರೆದುಕೊಡುತ್ತೀರಾ?" ಎಂದು ಕೇಳಿ. ಫೆಬ್ರವರಿ 11ರ ವಿಶ್ವ ರೋಗಿಗಳ ದಿನಕ್ಕೆ ಉಚಿತ ಶಿಬಿರ ಏರ್ಪಡಿಸುವ ಧರ್ಮಕೇಂದ್ರಗಳೂ ಬರುವ ವೈದ್ಯರಲ್ಲಿ ಇದನ್ನೇ ಮೊದಲು ಕೇಳಿಕೊಳ್ಳಲಿ. ತಪಾಸಣೆ ಉಚಿತವಾದರೂ, ಮರುದಿನ ಆ ಚೀಟಿ ಹಿಡಿದು ಮೆಡಿಕಲ್‌ಗೆ ಹೋಗುವುದು ಅದೇ ಬಡವರು.