ಅನ್ನದ ಮೇಲಿನ ಆವಿ

ಹಾಲು ಉಕ್ಕಿದರೆ, ಮಡಿಪಂಚೆಗೆ ಕೆಸರು ತಾಗಿದರೆ, ನಮ್ಮ ಬಾಯಿಂದ ತಾನಾಗಿ ಹೊರಡುವ ಉದ್ಗಾರ 'ಛೀ!' ಚೀನೀಯರ ನುಡಿಯಲ್ಲಿ ಅದೇ ಉಚ್ಚಾರದ ಪದಕ್ಕೆ ಉಸಿರು, ಆವಿ, ಪ್ರಾಣಶಕ್ತಿ ಎಂದು ಅರ್ಥ. ಆ ಪದದ ಹಳೆಯ ಲಿಪಿಚಿಹ್ನೆಯಲ್ಲಿ ಕೆಳಗೆ ಅಕ್ಕಿಯ ಗುರುತು, ಮೇಲೆ ಆವಿಯ ಗುರುತು. ಅನ್ನ ಉಣ್ಣುವ ನಮಗೆ ಇದನ್ನು ಬಿಡಿಸಿ ಹೇಳಬೇಕೆ?

ಈ 'ಛೀ'ಯ ಪರಿಚಯ ನನಗಾದುದು ಅರುವತ್ತೆರಡನೆಯ ವಯಸ್ಸಿನಲ್ಲಿ, ಅದೂ ಜಾರಿ ಬಿದ್ದ ಪುಣ್ಯದಿಂದ. ಸ್ನಾನದ ಮನೆಯಲ್ಲಿ ಬಿದ್ದೆ. ಮೂಳೆ ಮುರಿಯಲಿಲ್ಲ, ಧೈರ್ಯ ಮುರಿಯಿತು. ಅಂದಿನಿಂದ ಗೋಡೆ ಹಿಡಿಯದೆ ನಡೆಯಲಾರದವನಾದೆ. "ಪೆಟ್ಟಾದದ್ದು ನಿಮ್ಮ ಕಾಲಿಗಲ್ಲ, ಮನಸ್ಸಿಗೆ" ಎಂದಳು ಮನೆಯಾಕೆ. ಅದೇ ವರ್ಷ ಸಿಂಗಪುರದಲ್ಲಿರುವ ಮಗನ ಮನೆಗೆ ಹೋದೆವು. ಆ ಬಹುಮಹಡಿಯ ಕಟ್ಟಡದ ಕೆಳಗಿನ ತೆರೆದ ಅಂಗಳದಲ್ಲಿ ಪ್ರತಿ ಮುಂಜಾನೆ ಹತ್ತು ಹನ್ನೆರಡು ಮಂದಿ ವೃದ್ಧರು, ಕುತ್ತಿಗೆಯವರೆಗೆ ನೀರಿನಲ್ಲಿ ನಿಂತವರಂತೆ, ನಿಧಾನವಾಗಿ ಕೈಕಾಲು ಚಲಿಸುತ್ತಿದ್ದರು. ಅದು ತೈಜಿ. (ಆ 'ಜಿ' ಬೇರೆ, ಈ 'ಛೀ' ಬೇರೆ, ತೈಜಿ ಎಂದರೆ ಪರಮಾವಧಿ.) ಎಂಬತ್ತರ ಹತ್ತಿರದ ಚೀನೀ ಅಜ್ಜಿಯೊಬ್ಬರು ಅವರ ಗುರು. ಕಂಬ ಹಿಡಿದು ನೋಡುತ್ತಿದ್ದ ನನ್ನನ್ನು ಕೈಸನ್ನೆ ಮಾಡಿ ಕರೆದರು.

ಮೊದಲ ಹತ್ತು ದಿನ ನನಗೆ ನಿಲ್ಲುವುದನ್ನು ಬಿಟ್ಟು ಬೇರೇನನ್ನೂ ಕಲಿಸಲಿಲ್ಲ! ಪಾದಗಳ ನಡುವೆ ಭುಜದಷ್ಟು ಅಂತರ, ಮೊಣಕಾಲಿನಲ್ಲಿ ತುಸು ಬಾಗು, ದಪ್ಪ ಮರವೊಂದನ್ನು ಅಪ್ಪಿದಂತೆ ಮುಂದೆ ಚಾಚಿದ ತೋಳು, ನಾಲಗೆಯ ತುದಿ ಅಂಗುಳಿಗೆ, ಗಮನವೆಲ್ಲ ಹೊಕ್ಕುಳಿನ ಕೆಳಗೆ. ಆ ಸ್ಥಾನವನ್ನು ಅವರು ದಾನ್‌ತಿಯೆನ್ ಎನ್ನುತ್ತಾರೆ, ಛೀಯ ಕಣಜವಂತೆ. ಎರಡು ನಿಮಿಷಕ್ಕೆ ತೊಡೆ ನಡುಗಿತು, ಮೂರಕ್ಕೆ ಬೆವರಿಳಿಯಿತು. ನಾನು ಹಲ್ಲು ಕಚ್ಚಿ ನಿಂತಷ್ಟೂ ಅಜ್ಜಿ ನನ್ನ ಭುಜವನ್ನು ಬೆರಳಿನಿಂದ ತಟ್ಟಿ "ಸುಂಗ್" ಎನ್ನುತ್ತಿದ್ದರು. ನಮ್ಮಿಬ್ಬರ ನಡುವೆ ಇದ್ದುದು ಅದೊಂದೇ ಮಾತು. ಸಡಿಲ ಬಿಡು ಎಂದು ಅದರ ಅರ್ಥ. ಆದರೆ ಸೋಮಾರಿಯ ಸಡಿಲವಲ್ಲ. ಎತ್ತಿಕೊಂಡ ಮಗು ನಿದ್ದೆ ಹೋದೊಡನೆ ತೋಳಿಗೆ ಇಮ್ಮಡಿ ಭಾರವೆನಿಸುವುದನ್ನು ತಾಯಂದಿರು ಬಲ್ಲರು. ತೂಕ ಹೆಚ್ಚಿರುವುದಿಲ್ಲ, ಬಿಗುಹು ಹೋಗಿರುತ್ತದೆ. ಆ ಭಾರವನ್ನು ಪಾದಗಳಿಗೆ ಇಳಿಯಬಿಡುವುದೇ ಅಭ್ಯಾಸದ ಮೊದಲ ಪಾಠ.

ಎರಡನೆಯ ಪಾಠದ ಹೆಸರು ಕೇಳಿ ನನಗೆ ಸೋಜಿಗವಾಯಿತು. ಸೊಂಟದಿಂದ ಹೊರಟು ಭುಜ, ಮೊಣಕೈ, ಮಣಿಕಟ್ಟುಗಳಲ್ಲಿ ಸುರುಳಿಯಾಗಿ ಹರಿಯುವ ಚಲನೆಗೆ ಅವರಿಟ್ಟ ಹೆಸರು 'ರೇಷ್ಮೆ ನೂಲಿನ ಸುತ್ತು'. ನಾನು ರಾಮನಗರದ ಕಡೆಯವನು. ಬಿಸಿನೀರಿನಲ್ಲಿ ತೇಲುವ ಗೂಡಿನಿಂದ ಎಳೆ ಹಿಡಿದು ನೂಲು ಬಿಚ್ಚುವವರನ್ನು ಬಾಲ್ಯದಿಂದ ಕಂಡವನು. ಅವಸರಿಸಿದರೆ ಎಳೆ ಹರಿಯುತ್ತದೆ; ತಡೆತಡೆದು ಎಳೆದರೆ ಸಿಕ್ಕಾಗುತ್ತದೆ. ಕೈಯನ್ನು ಹಾಗೆ ಒಂದೇ ಸಮನಾಗಿ ತಿರುಗಿಸಲು ನನಗೆ ಮೂರು ವಾರ ಹಿಡಿಯಿತು. ಆಗ ಒಂದು ಬೆಳಗ್ಗೆ ಅಂಗೈಗಳು ಬೆಚ್ಚಗಾಗಿ, ಬೆರಳ ತುದಿಗಳು ಜುಮ್ಮೆಂದವು. ಅಜ್ಜಿಗೆ ತೋರಿಸಿದೆ. ತಲೆಯಾಡಿಸಿ ಮುಂದಿನವರ ಬಳಿಗೆ ಹೋದರು!

ಈ ವಿದ್ಯೆಯ ತವರು ಹೆನಾನ್ ಪ್ರಾಂತದ ಚೆನ್ ಮನೆತನದ ಹಳ್ಳಿ. 17ನೆಯ ಶತಮಾನದ ಚೆನ್ ವಾಂಗ್‌ಟಿಂಗ್ ಮೂಲಪುರುಷನೆಂದು ಆ ಮನೆತನದವರು ಹೇಳುತ್ತಾರೆ. ಅಲ್ಲಿ ಕಲಿತ ಯಾಂಗ್ ಲೂಛಾನ್ (1799–1872) ಅದನ್ನು ಪೀಕಿಂಗಿಗೆ ಒಯ್ದ. ಆತನ ಮನೆತನದ ಬಗ್ಗೆ ಒಂದು ಕಥೆಯುಂಟು: ಅಂಗೈಯ ಮೇಲೆ ಕುಳಿತ ಗುಬ್ಬಿ ಹಾರಲು ಕಾಲೂರಿದೊಡನೆ ಅಂಗೈ ಅಷ್ಟೇ ಕೆಳಗಿಳಿಯುತ್ತಿತ್ತಂತೆ, ಊರಲು ನೆಲೆಯಿಲ್ಲದೆ ಗುಬ್ಬಿ ಹಾರಲಾರದೆ ಉಳಿಯುತ್ತಿತ್ತಂತೆ. ನಂಬುವುದು ಬಿಡುವುದು ಅವರವರ ಇಷ್ಟ. ಆದರೆ 'ಒಳಗಿನ ಬಲ' ಎಂದರೆ ಏನೆಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳಿದ ಕಥೆಯನ್ನು ನಾನು ಕೇಳಿಲ್ಲ.

ಧಾರಾವಾಹಿಗಾಗಿ ವಾರವೆಲ್ಲ ಕಾಯುವ ನಮ್ಮ ವಾಚಕರಿಗೆ ಇನ್ನೊಂದು ಸಂಗತಿ. 1954ರ ಜನವರಿಯಲ್ಲಿ ಮಕಾವಿನಲ್ಲಿ ಐವತ್ತು ದಾಟಿದ ತೈಜಿ ಗುರು ವು ಗೊಂಗ್‌ಯಿಗೂ ಬಿಳಿಕೊಕ್ಕರೆ ಪಂಥದ ತರುಣ ಚೆನ್ ಕೆಫುವಿಗೂ ಕಾಳಗ ನಡೆಯಿತು. ಯಾರೂ ಗೆಲ್ಲಲಿಲ್ಲ. ಆದರೆ ಜನರ ಉತ್ಸಾಹ ಕಂಡ ಹಾಂಗ್‌ಕಾಂಗಿನ ಪತ್ರಿಕೆಯೊಂದು ಮೂರೇ ದಿನಗಳಲ್ಲಿ ಲಿಯಾಂಗ್ ಯೂಷೆಂಗ್‌ನಿಂದ ಸಾಹಸಧಾರಾವಾಹಿಯೊಂದನ್ನು ಬರೆಯಿಸತೊಡಗಿತು. ಒಂದು ಹೊಸ ಕಾದಂಬರಿಪರಂಪರೆಯೇ ಅಲ್ಲಿಂದ ಹುಟ್ಟಿತು.

ಆ ಕಾದಂಬರಿಗಳ ವೀರರು ಮುಟ್ಟದೆಯೇ ಶತ್ರುವನ್ನು ಉರುಳಿಸುತ್ತಾರೆ. ಕಾದಂಬರಿಯಲ್ಲಿ ಅದು ಚೆನ್ನ. ಅಂಥ ಶಕ್ತಿಯನ್ನು ಹಣಕ್ಕೆ ಕಲಿಸುವೆನೆಂಬವರು ಹೊರಗೂ ಇದ್ದಾರೆ. ಅವರ ಬಳಿ ಸುಳಿಯಬೇಡಿ. 2017ರಲ್ಲಿ ಚೆಂಗ್ಡು ನಗರದಲ್ಲಿ ಹೆಸರಾಂತ ತೈಜಿ ಗುರುವೊಬ್ಬ ಆಧುನಿಕ ಜಟ್ಟಿಯೊಬ್ಬನೆದುರು ಅರೆನಿಮಿಷವೂ ನಿಲ್ಲಲಿಲ್ಲ. ಛೀ ಎಂಬ ಪ್ರತ್ಯೇಕ ವಸ್ತುವನ್ನು ಯಾವ ಯಂತ್ರವೂ ಅಳೆದಿಲ್ಲ. ನನ್ನ ಅಂಗೈಯ ಬಿಸಿ ಸಡಿಲಗೊಂಡ ನರನಾಳಗಳಲ್ಲಿ ಚೆನ್ನಾಗಿ ಹರಿದ ರಕ್ತದ್ದೇ ಇರಬೇಕು. ಹಾಗೆಂದು ಅಭ್ಯಾಸ ಸುಳ್ಳಾಗುವುದಿಲ್ಲ. ಅಮೆರಿಕದ ಆರಿಗಾನ್‌ನಲ್ಲಿ ಪಾರ್ಕಿನ್‌ಸನ್ ರೋಗದ 195 ಮಂದಿಯನ್ನು ಮೂರು ಗುಂಪು ಮಾಡಿ, ವಾರಕ್ಕೆರಡು ಬಾರಿಯಂತೆ 24 ವಾರ ವ್ಯಾಯಾಮ ಮಾಡಿಸಿದ ಪರೀಕ್ಷೆಯ ಫಲ 2012ರಲ್ಲಿ ಪ್ರಕಟವಾಯಿತು. ನಿಲುವಿನ ಸ್ಥಿರತೆಯಲ್ಲಿ ತೈಜಿಯವರು ಉಳಿದೆರಡು ಗುಂಪುಗಳನ್ನೂ ಮೀರಿಸಿದ್ದರು. ಬರಿಯ ಮೈಚಾಚುವ ವ್ಯಾಯಾಮ ಮಾಡಿದವರಿಗಿಂತ ಅವರು ಬೀಳುವುದೂ ಕಡಮೆಯಾಗಿತ್ತು. ಮಂಡಿನೋವಿರುವವರು ಮಾತ್ರ ಹೆಚ್ಚು ಬಾಗಬಾರದು. ಮಂಡಿ ಕಾಲ್ಬೆರಳನ್ನು ದಾಟಬಾರದು.

ಹೊರಡುವ ಹಿಂದಿನ ದಿನ ಅಜ್ಜಿ ನನ್ನ ಎದೆಯ ಮೇಲೆ ಅಂಗೈಯಿಟ್ಟು ಮೆಲ್ಲನೆ ಒತ್ತಿದರು. ನಾನು ಎದೆ ಸೆಟೆದು ನಿಂತೆ. ಎರಡು ಹೆಜ್ಜೆ ಹಿಂದಕ್ಕೆ ಹೋದೆ. "ಸುಂಗ್" ಎಂದರು. ಎರಡನೆಯ ಸಲ ಸೆಟೆಯಲಿಲ್ಲ. ಅರ್ಧ ಹೆಜ್ಜೆಗೆ ನಿಂತೆ. ಬಾಯಿತುಂಬ ನಕ್ಕರು.

ಈಗ ನಮ್ಮ ಮನೆಯ ಜಗಲಿಯಲ್ಲಿ ಬೆಳಗಿನ ಐದೂವರೆಗೆ ನಿಲ್ಲುತ್ತೇನೆ. "ಮರ ಅಪ್ಪಿಕೊಂಡದ್ದಾಯಿತೆ? ಕಾಫಿ ಆರುತ್ತದೆ" ಎಂದು ಒಳಗಿನಿಂದ ಕೂಗು ಬರುತ್ತದೆ. ಈ ದಿನ ಎರಡು ಕೈಯಲ್ಲಿ ಎರಡು ಲೋಟ ಹಿಡಿದು, ಗೋಡೆ ಮುಟ್ಟದೆ, ಅಡಿಗೆಯ ಮನೆಯಿಂದ ಜಗಲಿಯವರೆಗೆ ನಾನೇ ತಂದೆ.