ಕೆರೆ ಕಟ್ಟಿಸಿದ ಅರಸರು

ಆರನೇ ಇಯತ್ತೆಯ ಮೊಮ್ಮಗ ಮೊನ್ನೆ ಜಪಾನಿನ ಪಾಠ ಓದುತ್ತಿದ್ದ. ಅಲ್ಲಿ ಬಹುಪಾಲು ಗುಡ್ಡ. ಭತ್ತ ಬೆಳೆಯುವ ಬಯಲು ಕಡಿಮೆ. ನಾರಾ ಸುತ್ತಲಿನ ಬಯಲನ್ನು ಹಿಡಿದ ಯಮಾಟೊ ಒಡೆಯರೇ ಮುಂದೆ ದೊಡ್ಡ ಅರಸರಾದರು.

"ಅಜ್ಜಾ, ನಮ್ಮ ಕಡೆನೂ ಹಿಂಗ ಆಗಿತ್ತೇನು?" ಎಂದ.

ಆಗಿತ್ತು. ನಮ್ಮ ಹುಲಗೂರಿನಿಂದ ದಕ್ಷಿಣಕ್ಕೆ, ಹಾನಗಲ್ಲ ದಾಟಿ ಹೋದರೆ ಬನವಾಸಿ. ಊರಿಗೆ ಮೂರು ಕಡೆ ವರದಾ ಹೊಳೆ, ಆಚೆಗೆ ಮಲೆನಾಡಿನ ಕಾಡು. 4ನೇ ಶತಮಾನದಲ್ಲಿ ಕದಂಬ ರಾಜ್ಯ ಕಟ್ಟಿದ ಮಯೂರಶರ್ಮ ಕಂಚಿಗೆ ಓದಲು ಹೋದವನು. ಪಲ್ಲವರ ಕುದುರೆ ಸವಾರನೊಡನೆ ಜಗಳವಾಗಿ ಕತ್ತಿ ಹಿಡಿದು ಶ್ರೀಪರ್ವತದ ಕಾಡು ಸೇರಿದ. ಆ ಕಾಡಿನಲ್ಲಿ ಅವನನ್ನು ಮಣಿಸಲಾಗದೆ ಪಲ್ಲವರೇ ರಾಜಿಯಾದರು. ತಾಳಗುಂದದ ಕಂಬದ ಶಾಸನ ಇದನ್ನೆಲ್ಲ ಹೇಳುತ್ತದೆ.

ಮೊಮ್ಮಗನಿಗೆ ಕತ್ತಿಯ ಕತೆ ಸಾಕು. ನನಗೆ ಹಿಡಿಸುವುದು ಅದೇ ಕಂಬದ ಕೊನೆಯ ಭಾಗ. ಮಯೂರನ ವಂಶದ ಕಾಕುಸ್ಥವರ್ಮ ಅಲ್ಲಿ ಕೆರೆ ತೋಡಿಸಿದನಂತೆ. ಚಿತ್ರದುರ್ಗದ ಚಂದ್ರವಳ್ಳಿ ಬಂಡೆಯ ಮೇಲಿರುವ ಮಯೂರಶರ್ಮನ ಶಾಸನವೂ ಕೆರೆಯದೇ! ಮಳೆ ನಾಲ್ಕು ತಿಂಗಳು, ಬಾಯಾರಿಕೆ ಹನ್ನೆರಡು ತಿಂಗಳು. ನೀರು ನಿಲ್ಲಿಸಿದ ಕಡೆ ಗದ್ದೆ, ಗುಡಿ, ಊರು ಬೆಳೆದವು. ಕಂದಾಯವೂ ಅಲ್ಲಿಂದಲೇ ಬಂತು.

ಬ್ಯಾಂಕಿನಲ್ಲಿ ಬೆಳೆಸಾಲದ ಲೆಡ್ಜರ್ ಬರೆಯುವಾಗ ನಾನೂ ಇದನ್ನೇ ಕಂಡೆ. ಕೆರೆಯ ಕೆಳಗಿನ ಗದ್ದೆಯವರ ಕಂತು ಬಹಳ ಸಲ ಹೊತ್ತಿಗೆ ಬರುತ್ತಿತ್ತು. ಮಳೆ ನಂಬಿದ ಹೊಲದವರು ಪಾಪ, ವಾಯಿದೆ ಕೇಳಲು ಬರುತ್ತಿದ್ದರು. ಅಂಥ ಒಂದು ಊರಿನ ಕೆರೆಯಂಗಳದಲ್ಲಿ ಈಗ ಮನೆಗಳೆದ್ದಿವೆ. ಕೆಳಗಿನ ಗದ್ದೆಯವರು ಬೋರ್‌ವೆಲ್ಲಿಗೆ ಸಾಲ ಮಾಡಿದ್ದಾರೆ.

ಭಾನುವಾರ ಮೊಮ್ಮಗನನ್ನು ಕೆರೆ ಏರಿಯ ಮೇಲೆ ಕರೆದೊಯ್ಯಬೇಕು. ಅವನು ಇನ್ನೂ ತೂಬು ನೋಡಿಲ್ಲ.